ತೋಟಕ್ಕೆ ಬಿಟ್ಟರೆ ನಮ್ಮ ಜಿಮ್ಮಿ ಆರಾಮಾಗಿರ್ತಾನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯಲ್ಲಿ ಏಳು ವರ್ಷದ ಲ್ಯಾಬ್ರಡಾರ್ ಇದೆ. ಗಂಡು, ಹೆಸರು ಜಿಮ್ಮಿ. ಮದುವೆಯಾದ ವರ್ಷ ನಾನೇ ಹಟ ಮಾಡಿ ತಂದದ್ದು. ಇಷ್ಟು ವರ್ಷದ ಮೇಲೆ ಈಗ ಮಗುವಾಗಿದೆ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ತವರಿಗೆ ಹೋದವಳು, ಪಾಪುಗೆ ಮೂರೂವರೆ ತಿಂಗಳಾದ ಮೇಲೆ ವಾಪಸ್ ಬಂದೆ. ಬಂದು ಒಂದು ತಿಂಗಳಾಯಿತು. ಅತ್ತೆಯೂ ಜೊತೆಗಿದ್ದಾರೆ. ಮೊದಲು ಹಾಲ್‌ನಲ್ಲಿ ಮಲಗುತ್ತಿದ್ದ ಜಿಮ್ಮಿಯನ್ನು ಈಗ ಹಿಂದಿನ ವರಾಂಡದಲ್ಲಿ ಕಟ್ಟುತ್ತೇವೆ. ಹೋದ ವಾರ ಅವನು ಊಟ ಮಾಡುತ್ತಿದ್ದಾಗ ಅತ್ತೆ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ಹಾದುಹೋದರು. ತಟ್ಟೆಯಿಂದ ತಲೆ ಎತ್ತದೆಯೇ ಗುರ್ ಅಂದ. ಕಚ್ಚಲಿಲ್ಲ, ಎದ್ದೂ ಬರಲಿಲ್ಲ. ಅವತ್ತಿಂದ ಅತ್ತೆ 'ಒಂದೋ ನಾಯಿ, ಇಲ್ಲ ನಾನು' ಅನ್ನುತ್ತಿದ್ದಾರೆ. ನಾಯಿ ಕೂದಲಿನಿಂದ ಮಗುವಿಗೆ ಆಸ್ತಮಾ ಬರುತ್ತೆ ಅಂತಲೂ ಹೇಳುತ್ತಾರೆ. ಭಾವ ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟಕ್ಕೆ ಬಿಟ್ಟುಬರೋಣ, ಅಲ್ಲಿ ಆರಾಮಾಗಿರ್ತಾನೆ ಅಂತಾರೆ. ನಮ್ಮನೆಯವರು ಏನೂ ಮಾತಾಡುತ್ತಿಲ್ಲ. ರಾತ್ರಿ ಹೋಗಿ ಜಿಮ್ಮಿ ಪಕ್ಕ ಸುಮ್ನೆ ಕೂತಿರುತ್ತಾರೆ. ನಾನೇನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ತೋಟದ ಮಾತು ಆಮೇಲೆ ಆಡೋಣ. ಮೊದಲು ಆ ಗುರ್ ಬಗ್ಗೆ ಹೇಳುತ್ತೇನೆ.

ತಟ್ಟೆಯಿಂದ ತಲೆ ಎತ್ತದೆ ಗುರ್ ಅಂದ ಅಂತ ಬರೆದಿದ್ದೀರಿ. ನಾಯಿ ಹಾಗೆ ಮಾಡಿದರೆ 'ಇದು ನನ್ನ ಊಟ, ಸ್ವಲ್ಪ ದೂರ ಇರಿ' ಅಂತ ಹೇಳಿದ ಹಾಗೆ. ಅವನ ಕಣ್ಣು ತಟ್ಟೆಯ ಮೇಲಿತ್ತು. ಮಗುವಿನ ಮೇಲಿರಲಿಲ್ಲ. ಈ ವ್ಯತ್ಯಾಸ ತುಂಬಾ ಮುಖ್ಯ. ಮಗುವನ್ನೇ ದಿಟ್ಟಿಸಿ ನೋಡುತ್ತಾ, ಮೈ ಮರದ ಹಾಗೆ ಬಿಗಿ ಮಾಡಿ ನಿಂತಿದ್ದರೆ ನನ್ನ ಉತ್ತರ ಬೇರೆಯೇ ಆಗಿರುತ್ತಿತ್ತು.

ಆಗ ಯಾರಾದರೂ ಅವನಿಗೆ ಹೊಡೆದರಾ? ನೀವು ಬರೆದಿಲ್ಲ. ಹೊಡೆದಿದ್ದರೆ ಇನ್ನು ಮುಂದೆ ಬೇಡ. ಗುರ್ ಅಂದದ್ದಕ್ಕೆ ಪೆಟ್ಟು ತಿಂದ ನಾಯಿ ಗುರ್ ಅನ್ನುವುದನ್ನು ಬಿಡುತ್ತೆ, ಒಳಗಿನ ಭಯ ಬಿಡುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತೆ. 'ನಮ್ಮ ನಾಯಿ ಸುಳಿವೇ ಕೊಡಲಿಲ್ಲ ಡಾಕ್ಟ್ರೇ' ಅಂತ ಬಂದವರನ್ನು ಕೂರಿಸಿ ವಿಚಾರಿಸಿದಾಗ, ಹಿಂದೆ ಸುಳಿವು ಕೊಟ್ಟಾಗಲೆಲ್ಲ ಅದಕ್ಕೆ ಬಿದ್ದ ಕೋಲಿನ ಕಥೆ ಹೊರಗೆ ಬರುತ್ತಿತ್ತು.

ಈಗ ಜಿಮ್ಮಿಯ ಕಡೆಯಿಂದಲೂ ಸ್ವಲ್ಪ ನೋಡಿ. ನಮ್ಮಲ್ಲಿ ಬಾಣಂತನ ಅಂದರೆ ಹೆಂಗಸು ಮನೆ ಬಿಟ್ಟು ಹೋಗುವುದು. ನೀವು ಹತ್ತಿರ ಹತ್ತಿರ ಆರು ತಿಂಗಳು ಅವನ ಕಣ್ಣಿಗೆ ಬಿದ್ದಿಲ್ಲ. ಅಷ್ಟೂ ದಿನ ಅವನು, ನಿಮ್ಮ ಯಜಮಾನರು ಇಬ್ಬರೇ. ಆಮೇಲೆ ಒಂದು ದಿನ ನೀವು ಬಂದಿರಿ. ಕೈಯಲ್ಲಿ ಅಳುವ ಒಂದು ಗಂಟು, ಮೈಯಿಂದ ಬಜೆ, ಸಾಂಬ್ರಾಣಿ, ಎದೆಹಾಲಿನ ವಾಸನೆ. ಅವತ್ತೇ ಅವನ ಜಾಗ ಹಾಲ್‌ನಿಂದ ವರಾಂಡಕ್ಕೆ ಹೋಯಿತು. ವಾಕಿಂಗ್ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಅದೂ ನಿಂತಿದೆ ಅಂದುಕೊಳ್ಳುತ್ತೇನೆ. ಅವನದು ಅಂತ ಈಗ ಉಳಿದಿರುವುದು ಆ ತಟ್ಟೆ ಒಂದೇ. ಅದರ ಪಕ್ಕದಲ್ಲೂ ಜನ ಓಡಾಡಿದರೆ ಗುರ್ ಅನ್ನುತ್ತಾನೆ, ಅಲ್ವಾ?

ಇದನ್ನು ಓದುತ್ತಿರುವ ಬಸುರಿಯರು ಯಾರಾದರೂ ಇದ್ದರೆ, ನಿಮ್ಮ ಮನೆಯಲ್ಲೂ ನಾಯಿ ಇದ್ದರೆ, ಒಂದು ಕೆಲಸ ಮಾಡಿ. ಗಂಡ ಮಗು ನೋಡಲು ತವರಿಗೆ ಬಂದಾಗಲೆಲ್ಲ ಪಾಪುಗೆ ಸುತ್ತಿದ ಒಂದು ಬಟ್ಟೆಯನ್ನು ಒಗೆಯದೆ ಕೊಟ್ಟು ಕಳಿಸಿ. ನಾಯಿ ಅದನ್ನು ದೂರದಿಂದ ಮೂಸಲಿ, ಮೂಸಿದಾಗ ಏನಾದರೂ ತಿನ್ನಲು ಕೊಡಲಿ. ಮನೆಗೆ ಬರುವ ಹೊತ್ತಿಗೆ ಮಗು ಅದಕ್ಕೆ ಹೊಸಬರಾಗಿರುವುದಿಲ್ಲ.

ಹಾಸನದವರಿಗೆ ವಾಪಸ್ ಬರುತ್ತೇನೆ. ಜಿಮ್ಮಿಯನ್ನು ಮೊದಲು ನಿಮ್ಮೂರಿನ ಪಶುವೈದ್ಯರಿಗೆ ತೋರಿಸಿ. ಏಳು ವರ್ಷದ ಲ್ಯಾಬ್ರಡಾರ್ ಈಗ ಹೊಸದಾಗಿ ಸಿಡುಕಿದರೆ ನಾನು ಮೊದಲು ನೋಡುವುದು ಕಿವಿ, ಹಲ್ಲು, ಸೊಂಟ. ಈ ಜಾತಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ಕಿವಿ ಜೋತುಬಿದ್ದಿರುವುದರಿಂದ ಒಳಗೆ ಸೋಂಕೂ ಆಗುತ್ತಿರುತ್ತೆ. ನೋವಿರುವ ನಾಯಿಗೆ ತಾಳ್ಮೆ ಇರುವುದಿಲ್ಲ. ಅಲ್ಲೇ ರೇಬೀಸ್ ಲಸಿಕೆಯ ಪುಸ್ತಕ ನೋಡಿಸಿ, ವರ್ಷ ದಾಟಿದ್ದರೆ ಹಾಕಿಸಿ. ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ತಪ್ಪಿಸಬೇಡಿ. ಮಲವನ್ನು ದಿನಾ ತೆಗೆಯಿರಿ. ಅದರಲ್ಲಿರುವ ಹುಳದ ಮೊಟ್ಟೆ ರೋಗ ಹರಡುವ ಹಂತಕ್ಕೆ ಬರಲು ಕೆಲವು ದಿನ ಬೇಕು. ದಿನಾ ತೆಗೆದರೆ ಆ ಹಂತ ಬರುವುದೇ ಇಲ್ಲ.

ಅತ್ತೆ ಹೇಳುವ ಆಸ್ತಮಾದ ಮಾತು. ಸ್ವೀಡನ್‌ನಲ್ಲಿ ಲಕ್ಷಾಂತರ ಮಕ್ಕಳ ದಾಖಲೆ ತೆಗೆದು ನೋಡಿದ್ದಾರೆ, 2015ರಲ್ಲಿ ಪ್ರಕಟವಾಯಿತು. ಹುಟ್ಟಿದ ಮೊದಲ ವರ್ಷದಲ್ಲಿ ಮನೆಯಲ್ಲಿ ನಾಯಿ ಇದ್ದ ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಆಸ್ತಮಾ ಸ್ವಲ್ಪ ಕಡಿಮೆಯೇ ಕಂಡಿತ್ತು. ಅಲರ್ಜಿ ತರುವುದು ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದಿಂದ ಉದುರುವ ಹೊಟ್ಟು. ನಿಮ್ಮ ಮಗುವಿಗೆ ಈಗಾಗಲೇ ಉಬ್ಬಸವಿದ್ದರೆ, ಮೈಮೇಲೆ ಕೆಂಪು ಗಂಧೆ ಏಳುತ್ತಿದ್ದರೆ ಮಕ್ಕಳ ಡಾಕ್ಟರ ಮಾತೇ ಕೊನೆ, ನನ್ನದಲ್ಲ. ಇಲ್ಲದಿದ್ದರೆ ಕೂದಲಿನ ಹೆಸರಿನಲ್ಲಿ ನಾಯಿಯನ್ನು ಕಳಿಸಬೇಡಿ.

ಹಾಗಂತ ಅತ್ತೆಯ ಭಯವನ್ನು ತಳ್ಳಿಹಾಕಬೇಡಿ. ಮೊಮ್ಮಗು ಕೈಯಲ್ಲಿದ್ದಾಗ ಕಾಲ ಬುಡದಲ್ಲಿ 30 ಕೆಜಿ ತೂಗುವ ನಾಯಿ ಗುರ್ ಅಂದರೆ ಯಾರಿಗಾದರೂ ಎದೆ ಧಸಕ್ಕನ್ನುತ್ತೆ. ಆ ಭಯಕ್ಕೆ ಕೈಗೆ ಸಿಗುವ ಉತ್ತರ ಬೇಕು. ಬಡಗಿಯನ್ನು ಕರೆಸಿ, ವರಾಂಡಕ್ಕೂ ಅಡುಗೆಮನೆಗೂ ನಡುವೆ ಎದೆಮಟ್ಟದ ಅಡ್ಡಗೇಟು ಹಾಕಿಸಿ. ಚಿಲಕ ಅತ್ತೆಯ ಕೈಗೆ ಎಟುಕುವ ಕಡೆ ಇರಲಿ. ಗೇಟು ಹಾಕಿಸಿದ ಮೇಲೆ ಕಟ್ಟುವುದು ಬೇಡ. ಕಟ್ಟಿದ ನಾಯಿ ಹಿಂದೆ ಸರಿಯಲು ದಾರಿ ಇಲ್ಲದೆ ಇನ್ನೂ ಗಟ್ಟಿಯಾಗಿ ಗುರ್ ಅನ್ನುತ್ತೆ. ಊಟ ಗೇಟಿನ ಆಚೆಯೇ ಆಗಬೇಕು. ತಿನ್ನುವಾಗ ಯಾರೂ ಆ ಕಡೆ ಹೋಗಬಾರದು.

ಒಂದು ವಾರ ಹಾಗೇ ಬಿಟ್ಟು, ಆಮೇಲೆ ನಿಮ್ಮ ಯಜಮಾನರಿಗೆ ಈ ಕೆಲಸ ಕೊಡಿ. ಜಿಮ್ಮಿ ಊಟ ಮಾಡುವಾಗ ಅವರು ನಾಲ್ಕು ಮಾರು ದೂರದಲ್ಲಿ ನಿಂತು, ಬೇಯಿಸಿದ ಮೊಟ್ಟೆಯ ಒಂದು ಚೂರನ್ನು ತಟ್ಟೆಯ ಕಡೆಗೆ ಎಸೆದು ತಿರುಗಿ ಬರಲಿ. ಅಷ್ಟೇ. ಮಾತಾಡಿಸುವುದು, ಮೈ ತಡವುವುದು ಬೇಡ. ದಿನಾ ಎರಡು ಸಲ. ಅವರು ಬಂದದ್ದು ಕಂಡು ಬಾಲ ಮೆತ್ತಗೆ ಅಲ್ಲಾಡತೊಡಗಿದರೆ ಒಂದು ಹೆಜ್ಜೆ ಹತ್ತಿರ. ಮೈ ಬಿಗಿಯಾದರೆ ಎರಡು ಹೆಜ್ಜೆ ಹಿಂದೆ. ಜನ ಹತ್ತಿರ ಬಂದರೆ ತಟ್ಟೆ ಖಾಲಿಯಾಗುವುದಿಲ್ಲ, ತುಂಬುತ್ತೆ ಅಂತ ಅವನಿಗೆ ಗೊತ್ತಾಗಬೇಕು. ತಟ್ಟೆಗೆ ಕೈ ಹಾಕಿ ಪರೀಕ್ಷೆ ಮಾಡುವ ಗಂಡಸರು ಬಹಳ ಜನ. ದಯವಿಟ್ಟು ಬೇಡ. ಮಗುವನ್ನು ಎತ್ತಿಕೊಂಡು ಈ ಅಭ್ಯಾಸ ಮಾಡುವುದಂತೂ ಬೇಡವೇ ಬೇಡ.

ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ವಾಕಿಂಗ್ ಮತ್ತೆ ಶುರು ಮಾಡಿ. ನಿಮಗೆ ಆಗುವುದಿಲ್ಲ, ಗೊತ್ತು. ನಾನೂ ಎರಡು ಹೆತ್ತವಳು, ಆಗ ಕೂತು ಊಟ ಮಾಡಲೂ ಪುರಸೊತ್ತಿರಲಿಲ್ಲ. ರಾತ್ರಿ ನಾಯಿ ಪಕ್ಕ ಕೂರುವವರು ಬೆಳಿಗ್ಗೆ ಅದನ್ನು ಕರೆದುಕೊಂಡು ಹೋಗಲಿ. ಇದನ್ನು ಅವರಿಗೇ ಓದಿ ಹೇಳಿ.

ಇನ್ನೊಂದು ಕಟ್ಟುನಿಟ್ಟು. ಎಷ್ಟೇ ಒಳ್ಳೆಯ ನಾಯಿಯಾದರೂ ಮಗು, ನಾಯಿ ಎರಡನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ. ಹಾಲು ಉಕ್ಕಿತು ಅಂತ ಒಳಗೆ ಓಡುವಷ್ಟು ಹೊತ್ತೂ ಬೇಡ. ಹಲ್ಲು ಅಥವಾ ಉಗುರು ತಾಗಿ ಗೀರಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಮನೆ ನಾಯಿ, ಲಸಿಕೆ ಆಗಿದೆ ಅಂತ ಅರಿಶಿನ ಮೆತ್ತಿ ಕೂರಬೇಡಿ.

ನಿಮ್ಮ ಪಾಪು ಅಂಬೆಗಾಲಿಡಲು ಇನ್ನೂ ಮೂರು ತಿಂಗಳಾದರೂ ಇದೆ. ಅಂಬೆಗಾಲಿಡುವ ಮಗು ತಟ್ಟೆಯ ಹತ್ತಿರ ಹೋಗುತ್ತೆ, ಬಾಲ ಹಿಡಿದು ಎಳೆಯುತ್ತೆ. ನಿಜವಾದ ಪರೀಕ್ಷೆ ಆಗ. ಆದ್ದರಿಂದ ಎರಡು ತಿಂಗಳು ಮನಸ್ಸಿಟ್ಟು ಮೇಲಿನದೆಲ್ಲ ಮಾಡಿ. ನೀವು ಬರೆದಿರುವಷ್ಟು ನೋಡಿ ಹೇಳುವುದಾದರೆ, ಜಿಮ್ಮಿ ಮನೆ ಬಿಟ್ಟು ಹೋಗಬೇಕಾಗಿಲ್ಲ.

ಎರಡು ತಿಂಗಳಾದ ಮೇಲೂ ಯಾರಾದರೂ ಹತ್ತಿರ ಬಂದರೆ ಹಲ್ಲು ತೋರಿಸುತ್ತಿದ್ದರೆ? ಮಗುವನ್ನೇ ದಿಟ್ಟಿಸತೊಡಗಿದರೆ? ಅಥವಾ ಇಷ್ಟೆಲ್ಲ ಮಾಡಲು ಮನೆಯಲ್ಲಿ ಯಾರಿಗೂ ಶಕ್ತಿಯೇ ಇಲ್ಲದಿದ್ದರೆ? ಆಗ ಕೊಡಿ. ಅದು ಪಾಪವಲ್ಲ. ಎರಡು ಜೀವಗಳನ್ನೂ ಉಳಿಸಿದ ಹಾಗೆ. ಆದರೆ ಮನುಷ್ಯರ ಕೈಗೆ ಕೊಡಿ, ಜಾಗಕ್ಕೆ ಬಿಡಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1997ರಲ್ಲಿ ನಾನು ಮಲೆನಾಡಿನ ಒಂದು ಪಶು ಆಸ್ಪತ್ರೆಯಲ್ಲಿದ್ದೆ. ನಿಮ್ಮ ಹಾಗೆಯೇ ಹೊಸದಾಗಿ ಮಗುವಾದ ಒಂದು ಮನೆಯವರು ಬಿಳಿ ಪೊಮೇರಿಯನ್ ತಂದು ಏನು ಮಾಡುವುದು ಅಂತ ಕೇಳಿದರು. ಹೊರಗೆ ಹಸು, ಎಮ್ಮೆ ಸಾಲಾಗಿ ನಿಂತಿದ್ದವು. ನಾನು ಅವಸರದಲ್ಲಿ 'ಊರಲ್ಲಿ ಯಾರಾದರೂ ಇದ್ದರೆ ಬಿಟ್ಟುಬನ್ನಿ, ಹಳ್ಳೀಲಿ ಜಾಗ ಇರುತ್ತೆ' ಅಂದುಬಿಟ್ಟೆ. ಐದು ತಿಂಗಳ ಮೇಲೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಒಂದು ಹಳ್ಳಿಗೆ ಹೋದಾಗ, ಕೊಟ್ಟಿಗೆಯ ಮೂಲೆಯಲ್ಲಿ ಬೂದಿ ಬಣ್ಣದ ಒಂದು ಮುದ್ದೆ ಕಂಡಿತು. ಕರುವಿನ ಸರಪಳಿಯಲ್ಲಿ ಕಟ್ಟಿದ್ದರು. ಹತ್ತಿರ ಹೋದ ಮೇಲೆ ಗುರುತಾಯಿತು. ಸರಪಳಿಯ ಕೆಳಗೆ ಕೊರಳು ಸುತ್ತ ಹುಣ್ಣಾಗಿ ಹುಳ ಬಿದ್ದಿತ್ತು. ಟರ್ಪೆಂಟೈನ್ ಹಾಕಿ, ಚಿಮಟದಲ್ಲಿ ಒಂದೊಂದೇ ಹುಳ ತೆಗೆದೆ. ಅಷ್ಟು ಹೊತ್ತೂ ಅದು ನನ್ನ ಮಣಿಕಟ್ಟು ನೆಕ್ಕುತ್ತಿತ್ತು. ಆ ಮನೆಯವರು ಕೆಟ್ಟವರಲ್ಲ. ಬಿಟ್ಟರೆ ರಸ್ತೆಗೆ ಓಡುತ್ತೆ, ದನಗಳ ಮೇಲೆ ಬೊಗಳುತ್ತೆ ಅಂತ ಕಟ್ಟಿದ್ದರು. ದಿನಾ ಅನ್ನ ಹಾಕುತ್ತಿದ್ದರು. ಅದು ಬೇಕು ಅಂತ ಅವರು ಯಾವತ್ತೂ ಕೇಳಿರಲಿಲ್ಲ, ಅಷ್ಟೇ. ಅದನ್ನು ನಾನೇ ಮನೆಗೆ ತಂದೆ. ಎರಡು ವರ್ಷ ಬದುಕಿತ್ತು. ಅವತ್ತಿನಿಂದ 'ಊರಿಗೆ ಬಿಟ್ಟುಬನ್ನಿ' ಅನ್ನುವ ಮಾತು ನನ್ನ ಬಾಯಲ್ಲಿ ಬಂದಿಲ್ಲ.

ಕಾಫಿ ತೋಟ ಅಂದಿರಿ. ಆ ಕಡೆ ಚಿರತೆ ರಾತ್ರಿ ಹೊತ್ತು ಮನೆ ಅಂಗಳದಿಂದಲೇ ನಾಯಿ ಹೊತ್ತೊಯ್ಯುತ್ತೆ. ತೋಟದಲ್ಲಿ ಮೊದಲೇ ಇರುವ ನಾಯಿಗಳು ಹೊಸದನ್ನು ಸುಲಭಕ್ಕೆ ಸೇರಿಸುವುದಿಲ್ಲ. ರಕ್ತ ಹೀರುವ ಉಣ್ಣಿಗಳ ಕಾಟ ಬೇರೆ, ಉಣ್ಣಿಯಿಂದ ನಾಯಿಗೆ ಬರುವ ಜ್ವರ ಜೀವವನ್ನೇ ತೆಗೆಯಬಹುದು. ಏಳು ವರ್ಷ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಮಲಗಿದವನು ಅಲ್ಲಿ ಆರಾಮಾಗಿರುವುದಿಲ್ಲ. ಹಸಿವು, ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಭಾವನವರಿಗೆ ಇದನ್ನೂ ತಿಳಿಸಿ.

ಕೊಡುವುದೇ ಆದರೆ ದೊಡ್ಡ ಮಕ್ಕಳಿರುವ, ಇಲ್ಲವೇ ಮಕ್ಕಳಿಲ್ಲದ, ಲ್ಯಾಬ್ರಡಾರ್ ಸಾಕಿ ಗೊತ್ತಿರುವ ಮನೆ ಹುಡುಕಿ. ನಿಮ್ಮ ಪಶುವೈದ್ಯರಿಗೆ ಅಂಥ ಮನೆಗಳು ಗೊತ್ತಿರುತ್ತವೆ. ತಮ್ಮ ನಾಯಿ ಸತ್ತು ಮನೆ ಖಾಲಿ ಅನ್ನಿಸಿದವರು ಅವರ ಹತ್ತಿರ ಬಂದು ಹೇಳಿಕೊಂಡಿರುತ್ತಾರೆ. 'ಉಚಿತ' ಅಂತ ಫೋಟೋ ಹಾಕಿ ಕಂಡವರಿಗೆಲ್ಲ ತೋರಿಸಬೇಡಿ, ಮರಿ ಮಾಡಿಸಿ ಮಾರುವವರು ಮೊದಲು ಬರುತ್ತಾರೆ. ಕೊಡುವ ಮೊದಲೇ ಸಂತಾನಹರಣದ ಆಪರೇಷನ್ ಮಾಡಿಸಿದರೆ ಅಂಥವರು ತಾವಾಗಿಯೇ ದೂರವಾಗುತ್ತಾರೆ. ಊಟದ ಹೊತ್ತಿನ ಗುರ್ ಬಗ್ಗೆ ಮುಚ್ಚಿಡದೆ ಹೇಳಿ. ಮೂರು ನಾಲ್ಕು ಸಲ ಜಿಮ್ಮಿಯನ್ನು ಕರೆದುಕೊಂಡು ಹೋಗಿ ಬನ್ನಿ. ಒಗೆಯದ ಹಾಸಿಗೆ, ಅವನದೇ ತಟ್ಟೆ, ಲಸಿಕೆ ಪುಸ್ತಕ ಜೊತೆಗೆ ಹೋಗಲಿ. ಹೊಂದಿಕೆ ಆಗದಿದ್ದರೆ ನಮಗೇ ವಾಪಸ್ ಕೊಡಿ ಅಂತ ಬಾಯಿಬಿಟ್ಟು ಹೇಳಿ ಬನ್ನಿ.

ಎರಡು ತಿಂಗಳಾದ ಮೇಲೆ ನನಗೆ ಒಂದು ಕಾಗದ ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ಮೇಡಂ, ಪರಿಚಯದವರ ಮನೆಯಲ್ಲಿ ಮಗುವಾಯಿತು ಅಂತ ಅವರ ಆರು ವರ್ಷದ ಹೆಣ್ಣು ನಾಯಿಯನ್ನು ನಾವು ತಂದಿದ್ದೇವೆ. ಎರಡು ದಿನದಿಂದ ಅನ್ನ ಮುಟ್ಟಿಲ್ಲ. ಬಾಗಿಲ ಹತ್ತಿರವೇ ಮಲಗಿರುತ್ತೆ. ನೀರು ಕುಡಿಯುತ್ತೆ. ಹೆದರಿಕೆ ಆಗುತ್ತಿದೆ.
– ಓದುಗರು, ಮಂಡ್ಯ

ಉತ್ತರ: ನೀರು ಕುಡಿಯುತ್ತಿದೆಯಲ್ಲ, ಸದ್ಯಕ್ಕೆ ಅಷ್ಟು ಸಾಕು. ಹೊಸ ಮನೆಯಲ್ಲಿ ದೊಡ್ಡ ನಾಯಿ ಎರಡು ದಿನ ಊಟ ಬಿಡುವುದು ಸಾಮಾನ್ಯ. ಮೂರನೇ ದಿನವೂ ತಿನ್ನದಿದ್ದರೆ, ವಾಂತಿ ಭೇದಿ ಆದರೆ, ನೀರೂ ಬಿಟ್ಟರೆ ಅವತ್ತೇ ಡಾಕ್ಟರಿಗೆ ತೋರಿಸಿ. ಸುತ್ತ ಕೂತು ಎಲ್ಲರೂ ತಲೆ ಸವರಬೇಡಿ. ಈಗಲೇ ಸ್ನಾನ ಮಾಡಿಸಬೇಡಿ, ಅದರ ಮೈಮೇಲೆ ಉಳಿದಿರುವುದು ಹಳೆ ಮನೆಯ ವಾಸನೆ ಒಂದೇ. ಗೇಟಿಗೆ ಬೀಗ ಇರಲಿ, ಹೊರಗೆ ಹೋದರೆ ಬೆಲ್ಟು ಬಿಗಿಯಾಗಿರಲಿ. ತಪ್ಪಿಸಿಕೊಂಡು ಓಡುವುದು ಹೆಚ್ಚಾಗಿ ಮೊದಲ ವಾರಗಳಲ್ಲೇ. ಹಳೆ ಮನೆಯವರಿಗೆ ಈವತ್ತೇ ಫೋನ್ ಮಾಡಿ. ಯಾವ ಹೊತ್ತಿಗೆ ಊಟ ಹಾಕುತ್ತಿದ್ದರು, ಅನ್ನಕ್ಕೆ ಮೊಸರಾ ಹಾಲಾ, ಕರೆಯುವಾಗ ಏನಂತಿದ್ದರು ಅಂತ ಕೇಳಿ. ಸಂಜೆ ಅದೇ ಹೊತ್ತಿಗೆ ತಟ್ಟೆ ಇಟ್ಟು, ಅದೇ ಮಾತಿನಲ್ಲಿ ಒಂದು ಸಲ ಕರೆದು, ನೀವು ಒಳಗೆ ಹೋಗಿಬಿಡಿ.