ಫ್ರಾನ್ಸಿನ ಹಳ್ಳಿಮನೆ ಕೊಳ್ಳುವ ಮುಂಚೆ ಕೊಟ್ಟಿಗೆ ನೋಡಿ, ಜಮೀನು ನೋಡಿ

ನಿಮ್ಮ ಪ್ರಶ್ನೆ ಓದಿದೆ. ಗಂಡ ಹೆಂಡತಿ ಇಬ್ಬರೂ ಟುಲೂಸ್‌ನಲ್ಲಿ ಕೆಲಸದಲ್ಲಿದ್ದೀರಿ. ಜೆರ್ಸ್ ಜಿಲ್ಲೆಯ ಹಳ್ಳಿಯಲ್ಲಿ ಹಳೇ ಕಲ್ಲಿನ ಮನೆ, ದೊಡ್ಡ ಕೊಟ್ಟಿಗೆ, ಹಂದಿಗೂಡು, ಪಾರಿವಾಳದ ಗೋಪುರ, ಜೊತೆಗೆ 3 ಹೆಕ್ಟೇರ್ ಜಮೀನು, ಎಲ್ಲ ಸೇರಿ 2,40,000 ಯೂರೋಗೆ ಮಾರಾಟಕ್ಕಿದೆ. ಇದೇ ದುಡ್ಡಿಗೆ ಟುಲೂಸ್ ಒಳಗೆ ಸಣ್ಣ ಫ್ಲ್ಯಾಟ್ ಅಷ್ಟೇ ಸಿಗೋದು, ಇಲ್ಲಿ ಏಳೂವರೆ ಎಕರೆ ಹತ್ತಿರ ಬರುತ್ತಿದೆ, ಇದರಲ್ಲಿ ಮೋಸ ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ಮೋಸ ಇರಲೇಬೇಕು ಅಂತಿಲ್ಲ. ಹಳ್ಳಿ ಕಡೆ ಬೆಲೆ ಹಾಗೇ ಇದೆ. ಆದರೆ ಮನೆಯನ್ನು ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಜಾಹೀರಾತಿನ ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿರುತ್ತಾರಲ್ಲ, ಕೊಟ್ಟಿಗೆ ಮತ್ತು ಜಮೀನು, ನಿಮ್ಮ ದುಡ್ಡು ಉಳಿಯುವುದೂ ಹೋಗುವುದೂ ಅಲ್ಲೇ.

ನಾನು ಸಾಗರದ ಕಡೆಯವನು. ಓಶ್ ಪಟ್ಟಣದ ಉತ್ತರಕ್ಕೆ ನಾವು ಇಂಥದೇ ಮನೆ ಕೊಂಡು ಆರು ವರ್ಷವಾಯಿತು. ಅದು ನಾವು ಬೆನ್ನುಹತ್ತಿದ ಎರಡನೇ ಮನೆ. ಮೊದಲನೆಯದು ಯಾಕೆ ಕೈತಪ್ಪಿತು ಅನ್ನುವುದೇ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಅದನ್ನು ನೋಡಲು ಹೋಗಿದ್ದು ಜೂನ್‌ನಲ್ಲಿ. ಹೊಲದಲ್ಲಿ ಆಗಷ್ಟೇ ಹುಲ್ಲು ಕೊಯ್ದು ಉರುಳೆ ಕಟ್ಟಿ ಇಟ್ಟಿದ್ದರು. ಯಾರು ಕೊಯ್ದದ್ದು ಅಂತ ಕೇಳಿದೆ. ಪಕ್ಕದ ರೈತ, ಜಾಗ ಕಾಡು ಬೀಳಬಾರದು ಅಂತ ಸುಮ್ಮನೆ ಕೊಯ್ಯುತ್ತಾನೆ ಅಂದರು ಮಾರುವವರು. ಆಮೇಲೆ ನೋಡಿದರೆ ಆ ರೈತ ಹನ್ನೊಂದು ವರ್ಷದಿಂದ ಪ್ರತಿ ವರ್ಷ ಒಂದು ಚೆಕ್ ಕೊಡುತ್ತಿದ್ದ. ಕಾಗದ ಪತ್ರ ಯಾವುದೂ ಇಲ್ಲ. ಆದರೆ ಫ್ರಾನ್ಸಿನ ಕಾನೂನಿನಲ್ಲಿ ಬಾಯಿಮಾತಿನ ಗೇಣಿಯೂ ಗೇಣಿಯೇ. ಅವಧಿ ಕನಿಷ್ಠ 9 ವರ್ಷ, ಮಾರುವಾಗ ಕೊಳ್ಳುವ ಮೊದಲ ಹಕ್ಕೂ ಸಾಮಾನ್ಯವಾಗಿ ಗೇಣಿದಾರನದೇ. ಜಮೀನು ಬಿಟ್ಟುಕೊಡುತ್ತೇನೆ ಅಂತ ಅವನಿಂದ ಬರೆಸಿಕೊಂಡು ಬನ್ನಿ ಅಂದರು ನಮ್ಮ ನೋತೇರ್, ಅಂದರೆ ಆಸ್ತಿಯ ಕ್ರಯಪತ್ರ ಮಾಡಿಸುವ ಕಾನೂನು ಅಧಿಕಾರಿ. ಅವನು ಬರೆದುಕೊಡಲಿಲ್ಲ, ನಾವು ಹಿಂದೆ ಸರಿದೆವು. ಅವನ ಮೇಲೆ ನನಗೆ ಇವತ್ತಿಗೂ ಬೇಸರವಿಲ್ಲ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಹಾಕಿ ಗೇಣಿ ಗದ್ದೆ ಉಳಿಸಿಕೊಂಡ ಮನೆ ನಮ್ಮದು. ಹನ್ನೊಂದು ವರ್ಷ ದನಕ್ಕೆ ಹುಲ್ಲು ಕೊಟ್ಟ ನೆಲವನ್ನು ಅವನು ಯಾಕೆ ಬಿಡಬೇಕು? ತಪ್ಪು ನಮ್ಮದು, ಮೊದಲ ದಿನವೇ ಅವನ ಮನೆಗೆ ಹೋಗಿ ಮಾತಾಡಿಸಬೇಕಿತ್ತು.

ಜಮೀನಿನದೇ ಇನ್ನೊಂದು ವಿಷಯ ಸಫೇರ್. ಕೃಷಿಭೂಮಿ ಕೃಷಿಕರ ಕೈಯಲ್ಲೇ ಉಳಿಯಲಿ ಅಂತ 1960ರ ಕಾನೂನಿನಿಂದ ಹುಟ್ಟಿದ ಸಂಸ್ಥೆ ಇದು. ಮಾರಾಟದ ವಿವರವನ್ನು ನೋತೇರ್ ಈ ಸಂಸ್ಥೆಗೆ ಕಳಿಸುತ್ತಾರೆ, ಸಂಸ್ಥೆಯವರಿಗೆ 2 ತಿಂಗಳ ಸಮಯ ಇರುತ್ತದೆ. ಬೇಕೆನಿಸಿದರೆ ನಿಮ್ಮ ಬದಲು ಅವರೇ ಕೊಂಡು ರೈತರಿಗೆ ಕೊಡಬಹುದು. ಹೆಚ್ಚಿನ ಮಾರಾಟಗಳಲ್ಲಿ ಅವರು ಅಡ್ಡ ಬರುವುದಿಲ್ಲ. ಆದರೂ ಆ ಉತ್ತರ ಬರುವವರೆಗೆ ಟುಲೂಸ್‌ನ ಬಾಡಿಗೆ ಮನೆ ಬಿಡಬೇಡಿ.

ಇನ್ನು ಕೊಟ್ಟಿಗೆ. ಈಗಿನ ಮನೆಯನ್ನು ನೋಡಲು ಹೋದಾಗ ಬಡಗಿಯೊಬ್ಬರಿಗೆ ದುಡ್ಡು ಕೊಟ್ಟು ಕರೆದುಕೊಂಡು ಹೋಗಿದ್ದೆವು. ಮನೆಯೊಳಗೆ ಅವರು ಇದ್ದದ್ದು ಹತ್ತು ನಿಮಿಷ, ಕೊಟ್ಟಿಗೆಯಲ್ಲಿ ಒಂದು ಗಂಟೆ. ಗೋದಲಿ ಹಾಗೇ ಇತ್ತು, ಹಸುಗಳ ಕೊರಳು ತಿಕ್ಕಿ ತಿಕ್ಕಿ ಅದರ ಅಂಚು ನುಣುಪಾಗಿತ್ತು. ನಾನು ಅದನ್ನೇ ಸವರುತ್ತಾ ನಮ್ಮೂರ ಕೊಟ್ಟಿಗೆ ನೆನೆಯುತ್ತಿದ್ದೆ. ಅವರು ಏಣಿ ಹತ್ತಿ, ಓಕ್ ತೊಲೆ ಗೋಡೆಯೊಳಗೆ ಹೊಕ್ಕುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ತುದಿಯಲ್ಲಿ ಕಾಫಿಪುಡಿ ಬಣ್ಣದ ಒದ್ದೆ ಹಿಟ್ಟು. ನೇರ ಮೇಲೆ ಎರಡೇ ಎರಡು ಹೆಂಚು ಜಾರಿದ್ದವು, ಅಷ್ಟಕ್ಕೇ ಒಂದು ತೊಲೆ ಹೋಗಿತ್ತು. ಆ ರಿಪೇರಿ ಲೆಕ್ಕ ಮುಂದಿಟ್ಟು ಚೌಕಾಸಿ ಮಾಡಿದ್ದರಿಂದ ಬೆಲೆಯಲ್ಲಿ 14,000 ಯೂರೋ ಇಳಿಯಿತು.

ಕೊಟ್ಟಿಗೆ ಪಕ್ಕದ ಚಾವಣಿಗೆ ಬೂದು ಬಣ್ಣದ ಸಿಮೆಂಟ್ ಶೀಟು ಹೊದಿಸಿದ್ದರೆ ಅದನ್ನೂ ಪರೀಕ್ಷೆ ಮಾಡಿಸಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಫ್ರಾನ್ಸಿನಲ್ಲಿ ಅದು ನಿಷೇಧವಾದದ್ದು 1997ರಲ್ಲಿ. ಅದಕ್ಕೂ ಹಳೆಯ ಶೀಟನ್ನು ಕಿತ್ತು ಎಲ್ಲೆಂದರಲ್ಲಿ ಎಸೆಯುವಂತಿಲ್ಲ, ವಿಲೇವಾರಿಗೆ ಖರ್ಚಿದೆ.

ಕೊಟ್ಟಿಗೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆ ಮಾಡಿಕೊಳ್ಳಬಹುದು ಅಂತ ಏಜೆಂಟ್ ಖಂಡಿತ ಹೇಳುತ್ತಾರೆ. ಅದು ಅವರು ಕೊಡುವ ಅನುಮತಿಯಲ್ಲ. ಕೃಷಿ ವಲಯದಲ್ಲಿರುವ ಕಟ್ಟಡವನ್ನು ವಾಸಕ್ಕೆ ಬದಲಾಯಿಸಲು ಪರವಾನಗಿ ಬೇಕು. ಊರಿನ ಯೋಜನಾ ನಕ್ಷೆಯಲ್ಲಿ ಆ ಕಟ್ಟಡವನ್ನು ಅದಕ್ಕೆಂದೇ ಗುರುತಿಸಿರಬೇಕಾಗಬಹುದು. ಮೇರಿಗೆ, ಅಂದರೆ ಊರಿನ ಆಡಳಿತ ಕಚೇರಿಗೆ, ಸೆರ್ತಿಫಿಕಾ ದ್ಯುರ್ಬನಿಸ್ಮ್, ಅಂದರೆ ಆ ಜಾಗದಲ್ಲಿ ಏನು ಮಾಡಬಹುದು ಅಂತ ತಿಳಿಸುವ ಪ್ರಮಾಣಪತ್ರ, ಕೇಳಿ ಅರ್ಜಿ ಹಾಕಿ. ಏನು ಮಾಡಬೇಕು ಅಂತಿದ್ದೀರಿ ಅನ್ನುವುದನ್ನು ಬರೆದು ಕೇಳುವ ಬಗೆಯದು, 2 ತಿಂಗಳಲ್ಲಿ ಉತ್ತರ, 18 ತಿಂಗಳು ಊರ್ಜಿತ. ಬಾಡಿಗೆ ಆದಾಯ ನಂಬಿ ಸಾಲ ಮಾಡುವುದಾದರೆ ಇದು ಕೈಗೆ ಬರದೆ ಮುಂದೆ ಹೋಗಬೇಡಿ.

ಮನೆಯ ಬಗ್ಗೆ ಎರಡೇ ಮಾತು. ಜೆರ್ಸ್‌ನದು ಜೇಡಿಮಣ್ಣು, ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ಉಬ್ಬುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಫೋಟೋ ತೆಗೆದು ಎಂಜಿನಿಯರ್‌ಗೆ ತೋರಿಸಿ. ಸರ್ಕಾರದ ಜಿಯೋರಿಸ್ಕ್ ತಾಣದಲ್ಲಿ ಆ ವಿಳಾಸ ಹಾಕಿದರೆ ಮಣ್ಣಿನ ಅಪಾಯ ಎಷ್ಟು ಅಂತ ಪುಕ್ಕಟೆ ಕಾಣುತ್ತದೆ. ಇನ್ನೊಂದು, ಕಕ್ಕಸು ಗುಂಡಿ. ಅದರ ತಪಾಸಣಾ ವರದಿ 3 ವರ್ಷಕ್ಕಿಂತ ಹಳೆಯದಾಗಿರಬಾರದು. ನಿಯಮಕ್ಕೆ ತಕ್ಕಂತಿಲ್ಲ ಅಂತ ಬಂದಿದ್ದರೆ ಕೊಂಡ 1 ವರ್ಷದೊಳಗೆ ನೀವೇ ಸರಿಮಾಡಿಸಬೇಕು. ನಮಗೆ ಹತ್ತು ಸಾವಿರ ಯೂರೋ ದಾಟಿತು.

ಮಾರುವವರು ಅಣ್ಣತಮ್ಮಂದಿರಾಗಿದ್ದು ಆಸ್ತಿ ಜಂಟಿಯಾಗಿದ್ದರೆ ಎಲ್ಲರ ಒಪ್ಪಿಗೆ ಇದೆಯಾ ಕೇಳಿಕೊಳ್ಳಿ. ಬೆಲೆಯ ಮೇಲೆ ನೋತೇರ್ ಖರ್ಚು ಶೇ. 7ರಿಂದ 8, ಅದರಲ್ಲಿ ಬಹುಪಾಲು ಸರ್ಕಾರದ ತೆರಿಗೆ. ಕೊಂಪ್ರೊಮಿಗೆ, ಅಂದರೆ ಕ್ರಯದ ಕರಾರಿಗೆ, ಸಹಿ ಮಾಡಿದ ಮೇಲೂ ನಿಮಗೆ 10 ದಿನ ಹಿಂದೆ ಸರಿಯುವ ಹಕ್ಕಿದೆ. ಬ್ಯಾಂಕ್ ಸಾಲ ಸಿಗದಿದ್ದರೆ ಮುಂಗಡ ವಾಪಸ್ ಅನ್ನುವ ಷರತ್ತನ್ನು ಬರೆಸಿ. ಊರಿನಿಂದ ಇದನ್ನು ಓದುವವರಿಗೆ ಒಂದು ಮಾತು: ಭಾರತದಲ್ಲಿದ್ದುಕೊಂಡೂ ಕೊಳ್ಳಬಹುದು, ಆದರೆ ಒಬ್ಬರು ವರ್ಷಕ್ಕೆ ಹೊರಗೆ ಕಳಿಸಬಹುದಾದ ಮಿತಿ 2,50,000 ಡಾಲರ್, ಮತ್ತು ಮನೆ ಕೊಂಡ ಮಾತ್ರಕ್ಕೆ ವಾಸದ ವೀಸಾ ಸಿಗುವುದಿಲ್ಲ.

ಸೂರ್ಯಕಾಂತಿ ಅರಳಿದಾಗ ಹೋದರೆ ಮನಸ್ಸು ಸೋಲುತ್ತದೆ. ಸಾಧ್ಯವಾದರೆ ಜನವರಿಯಲ್ಲಿ, ಎರಡು ದಿನ ಮಳೆ ಹೊಯ್ದ ಮೇಲೆ ಇನ್ನೊಮ್ಮೆ ಹೋಗಿ. ಕೊಟ್ಟಿಗೆ ಬಾಗಿಲು ಹಾಕಿಸಿ ಒಳಗೆ ನಿಂತು ತಲೆ ಎತ್ತಿ ನೋಡಿ, ಹೆಂಚಿನ ಸಂದಿಯಲ್ಲಿ ಬೆಳಕು ಬಂದ ಕಡೆ ಕೆಳಗೆ ನೆಲ ಒದ್ದೆ ಇದೆಯಾ ಅಂತ. ವಾಪಸ್ ಬರುವ ದಾರಿಯಲ್ಲಿ ಹುಲ್ಲು ಕೊಯ್ಯುವವರ ಮನೆ ಬಾಗಿಲು ತಟ್ಟಿ.