ಬೆಟಗೇರಿಯ ತಮ್ಮನಿಗೆ: ಇನ್ನೊಂದು ಊರಿಗೆ ಹಾಕಿದರೆ

ತಮ್ಮಾ,

ನಿನ್ನ ಮೆಸೇಜನ್ನು ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಟ್ರೇನಿನಲ್ಲಿ ಓದಿದೆ. "ಅಕ್ಕಾ, ಚರ್ಚ್ ಸಭೆಯ ಸೇವೆಗೆ ಅಂತ ಜರ್ಮನಿಗೆ ಬಂದು ಐದು ತಿಂಗಳಾಯಿತು. ಈಗ ಸ್ಟುಟ್‌ಗಾರ್ಟ್ ಬಿಡಿಸಿ ಗುಡ್ಡದ ಮೇಲಿನ ಹಳ್ಳಿಯ ವೃದ್ಧಾಶ್ರಮಕ್ಕೆ ಹಾಕಿದ್ದಾರೆ. ನಾನೇನು ತಪ್ಪು ಮಾಡಿದೆ?" ಅಂತ ಕೇಳಿದ್ದೀಯ.

ತಪ್ಪು ಏನೂ ಇಲ್ಲ. ಎಲ್ಲಿ ಜನ ಕಡಿಮೆ ಬಿದ್ದರೋ ಅಲ್ಲಿಗೆ ಕಳಿಸುತ್ತಾರೆ, ಅಷ್ಟೇ. ಹುಬ್ಬಳ್ಳಿಯಿಂದ ಇದೇ ಸೇವೆಗೆ ಬಂದಾಗ ನನ್ನನ್ನೂ ಒಂದೇ ವರ್ಷದಲ್ಲಿ ಎರಡು ಕಡೆ ಹಾಕಿದ್ದರು. ಬ್ಯಾಗ್ ಕಟ್ಟುವ ಹಿಂದಿನ ರಾತ್ರಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಆಮೇಲೆ ನರ್ಸಿಂಗ್ ಕಲಿತು ಇಲ್ಲೇ ಉಳಿದುಬಿಟ್ಟೆ, ಅದು ಬೇರೆ ಕಥೆ.

ಮೊದಲು ಕಾಗದದ ಕೆಲಸ ಮುಗಿಸು. ಹೊಸ ಮನೆಗೆ ಹೋದ 2 ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಆನ್‌ಮೆಲ್ಡುಂಗ್ ಅಂತ. ಮನೆ ಕೊಟ್ಟವರು ಸಹಿ ಮಾಡಿದ ಫಾರಂ ಬೇಕೇ ಬೇಕು. ಕೀಲಿ ಕೊಡುವ ದಿನವೇ ಕೇಳಿ ಇಸಕೋ, ಆಮೇಲೆ ಅವರು ರಜೆ ಮೇಲೆ ಹೋಗಿಬಿಡುತ್ತಾರೆ. ಜಿಲ್ಲೆ ಬದಲಾದರೆ ವೀಸಾ ನೋಡುವ ಕಚೇರಿಯೂ ಬದಲಾಗುತ್ತದೆ. ಅವರಿಗೆ, ಇನ್ಶೂರೆನ್ಸ್‌ನವರಿಗೆ, ಬ್ಯಾಂಕಿಗೆ ಹೊಸ ವಿಳಾಸ ತಿಳಿಸು.

ಇದೆಲ್ಲಕ್ಕಿಂತ ಮೊದಲು ಪತ್ರದ ಡಬ್ಬಿಯ ಮೇಲೆ ಹೆಸರು ಅಂಟಿಸು. ಬೆಟಗೇರಿಯಲ್ಲಾದರೆ "ಮಾಸ್ತರ ಮಗ" ಅಂದರೂ ಪೋಸ್ಟ್‌ಮನ್‌ಗೆ ಗೊತ್ತಾಗುತ್ತದೆ. ಇಲ್ಲಿ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್. ನನ್ನ ಎಟಿಎಂ ಕಾರ್ಡ್ ಹಾಗೇ ವಾಪಸ್ ಹೋಗಿ, ಮೂರು ವಾರ ರೂಮ್‌ಮೇಟ್ ಹತ್ತಿರ ಸಾಲ ಮಾಡಿದೆ. ಕೊನೆಗೆ ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ಮೇಲೆ ಪೆನ್ನಿನಿಂದ ಹೆಸರು ಬರೆದು ಅಂಟಿಸಿದೆ. ಆ ಟೇಪು ಎರಡು ಮಳೆಗಾಲ ತಡೆಯಿತು!

ಇನ್ನು ಭಾಷೆ. ಕ್ಲಾಸಿನಲ್ಲಿ ಕಲಿತ ಜರ್ಮನ್ ಹಳ್ಳಿಯಲ್ಲಿ ಅರ್ಧ ನಡೆಯುತ್ತದೆ. ಅಲ್ಲಿಯವರದು ಶ್ವೇಬಿಷ್, ಈ ಕಡೆಯ ಆಡುಮಾತು. ಮನೆಗೆ ಹಾಯ್ಸ್‌ಲೆ, ಸ್ವಲ್ಪಕ್ಕೆ ಬಿಸ್‌ಲೆ, ಎಲ್ಲದಕ್ಕೂ ಕೊನೆಗೆ ಒಂದು "ಲೆ". ಪುಸ್ತಕದ ಕನ್ನಡ ಕಲಿತವರು ಗದಗಿನ ಸಂತೆಗೆ ಬಂದರೆ ಹೇಗೆ ಕಣ್ಣು ಬಿಡುತ್ತಾರೋ, ನೀನೂ ಹಾಗೇ ಬಿಡುತ್ತೀಯ. ನಾಚಿಕೊಳ್ಳಬೇಡ. ಎದುರು ಬಂದವರಿಗೆ "ಗ್ರ್ಯೂಸ್ ಗಾಟ್" ಅನ್ನು. ನಮ್ಮ ಕಡೆ "ಶರಣ್ರಿ" ಅಂದ ಹಾಗೆ ಅದು. ಬಾಗಿಲಿಗೆ "ಕೇರ್‌ವೋಖೆ" ಅಂತ ಬೋರ್ಡ್ ನೇತುಹಾಕಿದ್ದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ನಿನ್ನದು. ಇದನ್ನು ತಪ್ಪಿಸಿದವರನ್ನು ಅವರು ಮರೆಯುವುದಿಲ್ಲ, ನಗಬೇಡ.

ವೃದ್ಧಾಶ್ರಮ ಅಂದರೆ ಹೆದರಬೇಡ. ನನಗೆ ಮೊದಲ ತಿಂಗಳು ಯಾರೂ ಮಾತಾಡಿಸಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಒಬ್ಬ ಅಜ್ಜಿ ಸ್ಪೆಟ್ಸ್‌ಲೆ ಮಾಡುತ್ತಿದ್ದರು. ಮಣೆಯ ಮೇಲೆ ಹಿಟ್ಟು ಹರವಿ, ಚಾಕುವಿನಿಂದ ಎಳೆ ಎಳೆಯಾಗಿ ಕುದಿಯುವ ನೀರಿಗೆ ಕೆರೆದು ಬೀಳಿಸುವುದು. ನನಗೆ ಮನೆಯ ಶಾವಿಗೆ ಮಣೆ ನೆನಪಾಗಿ ಸುಮ್ನೆ ಕೈ ಚಾಚಿದೆ. ಚಾಕು ಕೊಟ್ಟರು. ನನ್ನ ಎಳೆಗಳು ಹೆಬ್ಬೆರಳಿನಷ್ಟು ದಪ್ಪ! ಅಜ್ಜಿ ನಕ್ಕಿದ್ದು ಆವತ್ತೇ ಮೊದಲು. ಮಾರನೇ ದಿನದಿಂದ ಹೆಸರು ಹಿಡಿದು ಕರೆದರು.

ಒಂದು ತಮಾಷೆ ನೋಡು. 1853ರಲ್ಲಿ ಜರ್ಮನ್ ಪಾದ್ರಿ ಕಿಟ್ಟೆಲ್ ಅವರು ನಮ್ಮ ಕಡೆ ಬಂದಾಗ ಅವರಿಗೆ 21 ವರ್ಷ. ಅವರನ್ನೂ ಬಾಸೆಲ್ ಮಿಷನ್‌ನವರು ಒಂದು ಕಡೆ ಕೂರಿಸಲಿಲ್ಲ, ಧಾರವಾಡ, ಮಂಗಳೂರು, ಮಡಿಕೇರಿ ಅಂತ ಸುತ್ತಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಅವರು ತೀರಿಕೊಂಡಿದ್ದು ಇಲ್ಲೇ ಹತ್ತಿರದ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಬೇಸಿಗೆಯಲ್ಲಿ ಒಂದು ದಿನ ಆ ಊರಿಗೆ ಹೋಗಿ ಬರೋಣ.

ಊಟದ್ದು ಜಾಸ್ತಿ ಯೋಚಿಸಬೇಡ. ಅಗಸಿ ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬ್ರೆಡ್ಡಿಗೆ ಹಾಕುತ್ತಾರೆ. ಹುರಿದು ಚಟ್ನಿಪುಡಿ ಮಾಡಿಕೋ. ಜೋಳದ ಹಿಟ್ಟು ಮಾತ್ರ ಸ್ಟುಟ್‌ಗಾರ್ಟ್‌ನ ಇಂಡಿಯನ್ ಅಂಗಡಿಯಿಂದಲೇ ಒಯ್ಯಬೇಕು, ಭಾನುವಾರ ಬಾಗಿಲು ಹಾಕಿರುತ್ತದೆ. ಶನಿವಾರ ನನಗೆ ರಜೆ. ಯಾವ ಟ್ರೇನ್ ಅಂತ ಹೇಳು, ಹಿಟ್ಟು ತೆಗೆದುಕೊಂಡು ಸ್ಟೇಷನ್‌ಗೆ ಬರುತ್ತೇನೆ. ಹೆಸರು ಬರೆಯೋಕೆ ಟೇಪೂ ತರುತ್ತೇನೆ.