ಮೊದಲು ಜನ ಹುಡುಕು, ಆಮೇಲೆ ಸ್ಕೂಲ್ ಬಿಡಿಸು

ತಂಗಿ, ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ತಿಂಗಳಾಯ್ತು, ಆರು ವರ್ಷದ ಮಗ ದಿನಾ ಸ್ಕೂಲಿಗೆ ಹೋಗಲ್ಲ ಅಂತ ಅಳ್ತಾನೆ, ನಿಮ್ಮ ಹಾಗೆ ಮನೆಯಲ್ಲೇ ಇಟ್ಕೊಂಡ್ರೆ ಮಕ್ಕಳು ತಾವೇ ಕಲಿತಾರಾ ಅಂತ ಕೇಳಿದ್ದೀಯ.

ಕೊಡಗಿನ ಸೋಮವಾರಪೇಟೆ ಹತ್ತಿರ ಅಪ್ಪನ ಮನೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಕಣದಲ್ಲಿ ಕಾಫಿ ಒಣಗುತ್ತಿದೆ. ನನ್ನ ಮಕ್ಕಳಿಬ್ಬರೂ ಅಲ್ಲೇ ಇದ್ದಾರೆ, ಜನವರಿ ತಿಂಗಳಲ್ಲಿ! ಸ್ಕೂಲಿಗೆ ಹಾಕಿದವರು ಹೀಗೆ ಸ್ಕೂಲಿನ ಒಪ್ಪಿಗೆ ಇಲ್ಲದೆ 5 ದಿನ ಕರೆದುಕೊಂಡು ಬಂದರೆ ಒಂದೊಂದು ಮಗುವಿಗೆ ಅಪ್ಪನಿಗೆ 80, ಅಮ್ಮನಿಗೆ 80 ಪೌಂಡ್ ದಂಡ ಬೀಳಬಹುದು. ನಮಗೆ ಆ ತಲೆನೋವಿಲ್ಲ.

ಕಾನೂನು ಸುಲಭ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆ ಪ್ರಕಾರ ಮಗುವಿಗೆ ತಕ್ಕ ಶಿಕ್ಷಣ ಕೊಡಿಸುವುದು ಹೆತ್ತವರ ಹೊಣೆ. ಅದು ಸ್ಕೂಲಲ್ಲೇ ಆಗಬೇಕೆಂದಿಲ್ಲ. ನಾವು ಮಕ್ಕಳನ್ನ ಬಿಡಿಸ್ತೀವಿ ಅಂತ ಹೆಡ್‌ಟೀಚರ್‌ಗೆ ಒಂದು ಪತ್ರ ಕೊಟ್ಟೆವು, ಮುಗೀತು. ಊರಿನ ಕೌನ್ಸಿಲ್‌ನವರು (ನಗರಸಭೆ) ಆಮೇಲೆ ವಿಚಾರಿಸಿದರು, ಬರೆದು ಕಳಿಸಿದೆವು. ನೀನು ಮಾತ್ರ ಈಗಿನ ನಿಯಮ ಒಮ್ಮೆ ನೋಡಿಕೋ. ಜರ್ಮನಿಯಲ್ಲಿರುವ ನನ್ನ ನಾದಿನಿಗೆ ಈ ಯೋಚನೆಯೇ ಇಲ್ಲ, ಅಲ್ಲಿ ಸ್ಕೂಲಿಗೆ ಕಳಿಸಲೇಬೇಕು.

ನಾನು ಎಡವಿದ್ದು ಬೇರೆ ಕಡೆ. ಪತ್ರ ಕೊಟ್ಟಿದ್ದು ನವೆಂಬರಿನಲ್ಲಿ. ಡಿಸೆಂಬರ್ ಬಂತು, ನಾಲ್ಕಕ್ಕೆ ಮುಂಚೆ ಕತ್ತಲು. ಅಡಿಗೆಮನೆ ಮೇಜಿನ ಮೇಲೆ ಟೈಮ್‌ಟೇಬಲ್ ಅಂಟಿಸಿ ನಾನೇ ಮೇಷ್ಟ್ರಾದೆ. ಮಗ ನನ್ನನ್ನು ಕಂಡ್ರೆ ಓಡತೊಡಗಿದ. ಬೇಸತ್ತು 'ಅವನಿಷ್ಟ' ಅಂತ ಬಿಟ್ಟೆ. ದಿನವಿಡೀ ಟ್ಯಾಬ್. ಗಂಡ-ಹೆಂಡಿರ ಜಗಳ ಬೇರೆ: ನಾನು ಕೆಲಸ ವಾರಾಂತ್ಯಕ್ಕೆ ಇಳಿಸಿಕೊಂಡಿದ್ದೆ, ಒಂದೂಕಾಲು ಸಂಬಳದಲ್ಲಿ ಬಾಡಿಗೆ ಕಟ್ಟಬೇಕಿತ್ತು.

ತಪ್ಪು ಎಲ್ಲಿ ಅಂತ ಗೊತ್ತಾಗಿದ್ದು ಹಿಂದೊಮ್ಮೆ ಇಲ್ಲಿಗೆ ಬಂದಾಗ. ಅಪ್ಪ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಭಾಗ) ಲೆಕ್ಕ ಬರೆದಿಡ್ತಾರಲ್ಲ, ಕಾಫಿ ಹೂ ಬಿಡಿಸುವ ಹೂಮಳೆ ಸಮಯದಲ್ಲಿ ಮಗಳೇ ಆ ಪುಸ್ತಕ ಕಿತ್ಕೊಂಡಳು. ವ್ಯಾಪಾರಿ ಬಂದು 'ಓಟಿ 28' ಅಂದ. ಓಟಿ ಅಂದ್ರೆ ಔಟ್‌ಟರ್ನ್, 50 ಕೆ.ಜಿ. ಚೆರ್ರಿಯಲ್ಲಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಲ್ಲಿ, 28 ಕೆ.ಜಿ. ಬೀಜ ಅಂತ ಚಿಕ್ಕಪ್ಪ ವಿವರಿಸಿದರು. 'ಹಾಗಾದ್ರೆ ನೂರಕ್ಕೆ 56, ಉಳಿದ 44 ಬರೀ ಸಿಪ್ಪೆನಾ ತಾತ?' ಅಂದಳು. ಶೇಕಡಾ ಲೆಕ್ಕ ನಾನು ಕಲಿಸಿರಲೇ ಇಲ್ಲ. ಇಲ್ಲಿ ಹೊರಗೆ ಕಾಲಿಟ್ಟರೆ ಏನೋ ಕೆಲಸ ಮಾಡ್ತಿರುವ ದೊಡ್ಡವರು ಸಿಗ್ತಾರೆ, ಕೇಳಿದ್ರೆ ಹೇಳ್ತಾರೆ. ಲೀಡ್ಸ್‌ನಲ್ಲಿ ಅವಳಿಗೆ ಸಿಗ್ತಿದ್ದದ್ದು ನಾನೊಬ್ಬಳೇ. ನಾನೋ, ಸುಸ್ತಾದವಳು.

ವಾಪಸ್ ಹೋಗಿ ಮೊದಲು ಜನ ಹುಡುಕಿದೆ. ಲೈಬ್ರರಿಯಲ್ಲಿ ಸಿಕ್ಕ ಒಬ್ಬಳಿಂದ ಶುರುವಾಗಿ ಈಗ ಹನ್ನೊಂದು ಮನೆ. ಬುಧವಾರ ಚರ್ಚಿನ ಹಾಲ್, ಬಾಡಿಗೆ ಹಂಚಿಕೊಳ್ತೇವೆ. ಒಬ್ಬರಪ್ಪ ಸೈಕಲ್ ಬಿಚ್ಚಿ ಜೋಡಿಸೋದು ತೋರಿಸ್ತಾರೆ. ನಾನು ಕಡುಬು ಮಾಡಿಸಿದೆ, ಹಬೆಯಲ್ಲಿ ಹೇಗೆ ಬೇಯುತ್ತೆ ಅಂತ ಅರ್ಧ ಗಂಟೆ ವಾದ ನಡೀತು. ನನ್ನ ಮಗ ಒಂಬತ್ತಾಗುವವರೆಗೆ ಸರಿಯಾಗಿ ಓದುತ್ತಿರಲಿಲ್ಲ. ಅತ್ತೆ ಫೋನಿನಲ್ಲಿ ಅತ್ತರು, ನಾನು ಬಾತ್‌ರೂಮಿನಲ್ಲಿ ಅತ್ತೆ. ಆಮೇಲೆ ಯಾರ್ಕ್‌ನ ರೈಲ್ವೆ ಮ್ಯೂಸಿಯಂಗೆ ಗುಂಪಿನ ಜೊತೆ ಹೋದ (ಪ್ರವೇಶ ಉಚಿತ), ಎಂಜಿನ್ ಹೆಸರು ಓದೋಕೆ ಅಕ್ಷರ ಹಿಡಿದ. ರೈಲೇ ಇಲ್ಲದ ಕೊಡಗಿನವರ ಮೊಮ್ಮಗ!

ಪರೀಕ್ಷೆ ಚಿಂತೆ ಈಗಲೇ ಬೇಡ. ಮುಂದೆ ಖಾಸಗಿಯಾಗಿ ಜಿಸಿಎಸ್‌ಇ (ಇಂಗ್ಲೆಂಡಿನಲ್ಲಿ ನಮ್ಮ ಹತ್ತನೇ ಕ್ಲಾಸಿನಂಥ ಪರೀಕ್ಷೆ) ಬರೀಬಹುದು, ಫೀಸು ನಮ್ಮದೇ. ಊರಿಗೆ ಮರಳಿದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಇದೆ.

ಆದರೆ ನಿನ್ನ ಮಗನ ಅಳು ಸ್ಕೂಲಿನ ಮೇಲೆಯೇ ಅಂತ ನನಗನಿಸಲ್ಲ. ಮೂರು ತಿಂಗಳು, ಹೊಸ ಮಾತು, ಹೊಸ ಊಟ, ಅಜ್ಜಿ ಇಲ್ಲ. ಟೀಚರ್ ಹತ್ರ ಮಾತಾಡು. ಊಟದ ಹೊತ್ತಲ್ಲಿ ಯಾರ ಪಕ್ಕ ಕೂರ್ತಾನೆ ಕೇಳು. ಈಸ್ಟರ್‌ವರೆಗೂ ಪತ್ರ ಕೊಡಬೇಡ. ಫೆಬ್ರವರಿ ಮಧ್ಯದಲ್ಲಿ ಸ್ಕೂಲಿಗೆ ಒಂದು ವಾರ ರಜೆ ಬರುತ್ತೆ, ಆ ಬುಧವಾರ ಹಾಲ್‌ಗೆ ಕರ್ಕೊಂಡು ಬಾ. ಅಷ್ಟರಲ್ಲಿ ನಾವೂ ಬಂದಿರ್ತೇವೆ. ಪುಸ್ತಕ ಬೇಡ, ಕೆಸರಿಗೆ ತಡೆಯೋ ಬೂಟು ಹಾಕಿಸು.